ಎರಡೂವರೆ ಇಂಚಿನ ಮಡಿಕೆ

ಇಂಚಕ್ಕನ ಹೊಲಿಗೆ ಅಂಗಡಿಯಲ್ಲಿ ಗುಂಡಿ ತುಂಬಿದ ಡಬ್ಬಿಗಳು ಹದಿನಾರು. ಬಿಳಿ ಗುಂಡಿಗೊಂದು, ನೀಲಿಗೊಂದು, ಎರಡು ತೂತಿನದಕ್ಕೊಂದು, ನಾಲ್ಕು ತೂತಿನದಕ್ಕೊಂದು. ಹದಿನೇಳನೆಯ ಡಬ್ಬಿಯಲ್ಲಿ ಮಾತ್ರ ಗುಂಡಿ ಇಲ್ಲ. ಅದರಲ್ಲಿರುವುದು ಅರ್ಧಚಂದ್ರದ ಹಾಗೆ ಬಾಗಿದ ಎರಡು ಅಲ್ಯೂಮಿನಿಯಂ ತಗಡು. ಎರಡರ ಮೇಲೂ 26 ಎಂದು ಕೊರೆದಿದೆ. ಗೊತ್ತಿಲ್ಲದವರು ಕೈಹಾಕಿ, ಇದು ಯಾವ ಮಿಷನ್ನಿನ ಸಾಮಾನು ಎಂದು ಕೇಳಿದರೆ ಅವಳು ಡಬ್ಬಿ ಕಿತ್ತುಕೊಂಡು ಮುಚ್ಚಳ ಹಾಕುತ್ತಾಳೆ.

"ಅದು ನಮ್ಮ ಮಾವನ ಕೈಬರಹ. ಇಡು ಅಲ್ಲಿ."

ಅವಳಿಗೆ ಆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಕೆರೆಗೆ ನೀರು ಎಷ್ಟು ಬಂತು ಎಂದರೂ ಇಂಚು, ಗಂಡನಿಗೆ ಸಿಟ್ಟು ಎಷ್ಟಿದೆ ಎಂದರೂ ಇಂಚು. ಈಗ ಅರವತ್ಮೂರು ವಯಸ್ಸು. ನಲವತ್ತು ವರ್ಷದಿಂದ ಹೊಲಿಯುತ್ತಿರುವುದು ಶಾಲೆ ಮಕ್ಕಳ ಸಮವಸ್ತ್ರ. ಅಂಗಡಿಯಲ್ಲಿ ಮೂರು ಮಿಷನ್ನು, ತಗಡು ಹೊಡೆದ ಒಂದು ಕತ್ತರಿಸುವ ಮೇಜು, ಮೂಲೆಯಲ್ಲಿ ಪರದೆ ಎಳೆದುಕೊಳ್ಳುವ ಸಣ್ಣ ಜಾಗ, ಅದರೊಳಗೆ ಮೂರು ಮಡಿಕೆಯ ನಿಲುವುಗನ್ನಡಿ. ಹಿಂದಿನ ಕಿಟಕಿ ತೆಗೆದರೆ ಆಟದ ಮೈದಾನದ ಮೋಟು ಗೋಡೆ. ಇತ್ತು ಅನ್ನಬೇಕು. ಈಗ ಅಲ್ಲಿ ಕಾರು ನಿಲ್ಲಿಸುವ ತಗಡಿನ ಸಾಲು. ಮಕ್ಕಳು ಓಡುವ ಜಾಗದಲ್ಲಿ ದೊಡ್ಡವರ ಕಾರುಗಳು ನಿದ್ದೆ ಮಾಡುತ್ತವೆ. ಅದನ್ನು ನೋಡಲು ಮನಸ್ಸಾಗದೆ ಅವಳು ಆ ಕಿಟಕಿಗೆ ಬಟ್ಟೆಯ ಥಾನು ಅಡ್ಡ ಇಟ್ಟಿದ್ದಾಳೆ.

ಅಂಗಡಿ ಅವಳ ಮಾವನದು. ಊರಿಗೆಲ್ಲ ಅವರು ಮಾಸ್ಟರ್. ಸೊಸೆಗೆ ಕತ್ತರಿ ಹಿಡಿಯಲು ಕಲಿಸಿದವರು ಅವರೇ. ಅವರ ಶಾಸ್ತ್ರದಲ್ಲಿ ಎರಡೇ ಸೂತ್ರ. ಒಂದು, ತನ್ನ ಅಳತೆ ತಾನು ತೆಗೆಯಬಾರದು. ಟೇಪು ನೋಡಲು ತಲೆ ಬಗ್ಗಿಸಿದರೆ ಮೈ ಕುಗ್ಗುತ್ತದೆ, ಕುಗ್ಗಿದ ಮೈಗೆ ಹೊಲಿದ ಬಟ್ಟೆ ನೆಟ್ಟಗೆ ನಿಂತಾಗ ಬಿಗಿಯುತ್ತದೆ. ಎರಡು, ಮಕ್ಕಳ ಬಟ್ಟೆಗೆ ಅಂಚಿನಲ್ಲಿ ಎರಡೂವರೆ ಇಂಚು ಒಳಗೆ ಮಡಿಸಿ ಹೊಲಿಯಬೇಕು. ವರ್ಷ ಕಳೆದ ಮೇಲೆ ತಾಯಿ ಹೊಲಿಗೆ ಬಿಚ್ಚಿ ಮಡಿಕೆ ಇಳಿಸಿಕೊಳ್ಳುತ್ತಾಳೆ. "ಮಗು ಬೆಳೆಯುತ್ತಮ್ಮ, ಸಂಬಳ ಬೆಳೆಯಲ್ಲ" ಎನ್ನುತ್ತಿದ್ದರು. ಆ ಮಡಿಕೆಯ ಬಟ್ಟೆಗೆ ಅವರು ಯಾರ ಹತ್ತಿರವೂ ಬಿಡಿಗಾಸು ಹೆಚ್ಚಿಗೆ ಕೇಳಿದವರಲ್ಲ.

ಬಿಲ್ಲುಗಾರಿಕೆ ಅವಳ ಬದುಕಿಗೆ ಬಂದದ್ದು ಆ ಮೋಟು ಗೋಡೆ ಹಾರಿ. ಮೈದಾನದ ಬಿಲ್ಲು ಕ್ಲಬ್ಬಿನವರು ಹರಿದ ಬಾಣದ ಚೀಲ, ಕಿತ್ತುಹೋದ ಮುಂಗೈ ಪಟ್ಟಿ ಹಿಡಿದು ಕಿಟಕಿಯಲ್ಲಿ ನಿಲ್ಲುತ್ತಿದ್ದರು. ಹೊಲಿದ ಪಟ್ಟಿ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಿ ಬರುತ್ತೇನೆಂದು ಮೂವತ್ತಾರನೆಯ ವಯಸ್ಸಿನಲ್ಲಿ ಒಂದು ಸಂಜೆ ಮೈದಾನಕ್ಕೆ ಹೋದವಳು ಕತ್ತಲಾಗುವವರೆಗೂ ಬರಲಿಲ್ಲ. ಮರುದಿನವೂ ಹೋದಳು. ದಿನವಿಡೀ ಸೂಜಿಯ ತುದಿಯನ್ನೇ ನೋಡುವ ಕಣ್ಣಿಗೆ ಐವತ್ತು ಮೀಟರ್ ದೂರದ ಹಳದಿ ಚುಕ್ಕೆ ನೋಡುವುದು ಬಾಗಿಲು ತೆಗೆದ ಹಾಗಿತ್ತು.

ಕ್ಲಬ್ಬಿನಲ್ಲಿ ಹೆಂಗಸರಿಗೆ ಅಂತ ಇದ್ದದ್ದು ಒಂದೇ ಕಾಂಪೌಂಡ್ ಬಿಲ್ಲು. ಎರಡು ತುದಿಗೂ ಗಾಲಿ ಇರುವ ಬಿಲ್ಲು ಅದು. ಎಳೆಯುವಾಗ ನಡುವೆ ಭಾರ, ಪೂರ್ತಿ ಎಳೆದ ಮೇಲೆ ಗಾಲಿ ತಿರುಗಿ ಹಗುರ. ಆ ಬಿಲ್ಲನ್ನು ಯಾವುದೋ ಕಾಲದಲ್ಲಿ ಆರಡಿ ಎತ್ತರದ ಪೊಲೀಸನೊಬ್ಬ ತನ್ನ ತೋಳಿಗೆ ಹೊಂದಿಸಿಕೊಂಡಿದ್ದ. ಅವನು ಹೊಸದು ಕೊಂಡ ಮೇಲೆ ಹಳೆಯದು ಹೆಂಗಸರ ಪಾಲಾಯಿತು. ಲೋಕದ ರೀತಿಯೇ ಅದಲ್ಲವೇ? ಗಂಡಸರು ಬಿಟ್ಟದ್ದು ಹೆಂಗಸರಿಗೆ ಸೌಲಭ್ಯ. ಐದಡಿಯವಳೂ ಅದನ್ನೇ ಎಳೆಯಬೇಕು, ಗುರಿ ತಪ್ಪಿದರೆ ಅವಳ ಕೈ ಸರಿಯಿಲ್ಲ. ಅಂಗಿ ದೊಗಲೆಯಾದರೆ ಹಾಕಿಕೊಂಡವನನ್ನು ಬೈಯುವ, ಹೊಲಿದವನನ್ನು ಕೇಳದ ನ್ಯಾಯ.

ಇಂಚಕ್ಕ ಅದನ್ನು ಕ್ಲಬ್ಬಿನ ಕಾರ್ಯದರ್ಶಿಯ ಮುಖಕ್ಕೇ ಕೇಳಿದಳು. ಕೊರಳಲ್ಲಿ ಸದಾ ಸೀಟಿ ತೂಗುಹಾಕಿಕೊಂಡಿರುತ್ತಿದ್ದ ಮನುಷ್ಯ. ಬಿಲ್ಲು ಮುಟ್ಟಿ ಹತ್ತು ವರ್ಷವಾಗಿತ್ತು, ಸೀಟಿ ಬಿಟ್ಟಿರಲಿಲ್ಲ.

"ಮೈಗೆ ಬಟ್ಟೆ ಹೊಲೀತಾರಾ, ಬಟ್ಟೆಗೆ ಮೈ ಹೊಲೀತಾರಾ ಸಾರ್?"

"ನಿಮಗೆ ಬೇಕಾದ ಅಳತೇದು ನೀವೇ ತಗೊಳ್ಳಿ ಇಂಚಕ್ಕ. ಯಾರು ಬೇಡ ಅಂದ್ರು?" ಎಂದ ಅವನು.

ತಗೊಳ್ಳುತ್ತೇನೆ ಎಂದಳು. ಆಗ ಅವಳಿಗೆ ನಲವತ್ತೊಂದು. ಆ ವರ್ಷವೇ ಊರಿನಿಂದ ಮೊದಲ ಸಲ ಹೆಂಗಸರ ತಂಡವೊಂದು ದೊಡ್ಡ ಪಂದ್ಯಕ್ಕೆ ಹೋಗುವುದಿತ್ತು. ತಂಡಕ್ಕೆ ಮೂವರು. ಆಸ್ಪತ್ರೆಯ ನರ್ಸು, ಶಾಲೆಯ ಆಟದ ಮೇಡಂ, ಇವರಿಬ್ಬರು ನಿಶ್ಚಯ. ಮೂರನೆಯ ಜಾಗಕ್ಕೆ ಇಂಚಕ್ಕ ಮತ್ತು ಅಂಚೆ ಕಚೇರಿಯ ಉದ್ದನೆಯ ಹುಡುಗಿ. ಆಯ್ಕೆಯ ದಿನ ಯಾರ ಅಂಕ ಹೆಚ್ಚೋ ಅವರು. ಆ ಹುಡುಗಿಗೆ ಕ್ಲಬ್ಬಿನ ಬಿಲ್ಲು ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಅವಳೂ ಪೊಲೀಸನಷ್ಟೇ ಎತ್ತರವಿದ್ದಳು ಅನ್ನುವುದು ಬಿಟ್ಟರೆ ಅದರಲ್ಲಿ ಕ್ಲಬ್ಬಿನ ಹೆಚ್ಚುಗಾರಿಕೆ ಏನೂ ಇಲ್ಲ.

ಇಂಚಕ್ಕನ ಗಂಡ ಬಸ್ಸಿನ ಡ್ರೈವರು. ಹೊಸ ಮಿಷನ್ನಿಗೆ ಎಂದು ಕೂಡಿಟ್ಟದ್ದರಲ್ಲಿ ಬಿಲ್ಲು ತರುತ್ತಾಳಂತೆ ಎಂದು ಎರಡು ದಿನ ಗೊಣಗಿದ. ಮೂರನೆಯ ದಿನ ರಜೆ ಹಾಕಿ ದೊಡ್ಡ ಊರಿನ ಆಟದ ಸಾಮಾನಿನ ಅಂಗಡಿಗೆ ತಾನೇ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಬಸ್ಸು ಓಡಿಸುತ್ತಿದ್ದ ಇನ್ನೊಬ್ಬ ಡ್ರೈವರನ ಗೇರು ಹಾಕುವ ರೀತಿಯನ್ನು ಬೈದುಕೊಂಡು ಕೂತಿದ್ದ.

ಅಂಗಡಿಯವನು ಮೊದಲು ತೆಗೆದದ್ದು ಎಲೆ ಬಳ್ಳಿಯ ಬಣ್ಣ ಬಳಿದ ಒಂದು ಗಿಡ್ಡ ಬಿಲ್ಲು. ಬೇಟೆಯವರದು. ಇದರ ಬಾಣದ ವೇಗಕ್ಕೆ ಸಮ ಇನ್ನೊಂದಿಲ್ಲ, ಜಿಂಕೆ ಕಿವಿ ನಿಮಿರಿಸುವುದರೊಳಗೆ ಬಾಣ ನಾಟಿರುತ್ತದೆ ಎಂದು ವರ್ಣಿಸಿದ.

"ನಾನು ಹೊಡೆಯೋದು ಕಾಗದಕ್ಕೆ. ಅದೇನು ಓಡಿಹೋಗುತ್ತಾ?" ಎಂದಳು ಇಂಚಕ್ಕ.

ಗಂಡ ಕೆಮ್ಮಿದ ಹಾಗೆ ಮಾಡಿ ಬೀದಿಯ ಕಡೆ ತಿರುಗಿದ. ಅಂಗಡಿಯವನು ಬೇಟೆಯ ಬಿಲ್ಲನ್ನು ಗೋಡೆಗೆ ಹಾಕಿದ.

ಅವಳು ಬಿಲ್ಲು ಆರಿಸಿದ ಬಗೆ ಅವಳದೇ. ಮಿಷನ್ನು ಆರಿಸುವಾಗ ಮಾಸ್ಟರ್ ಕಲಿಸಿದ್ದ ಪಾಠ: ಹಗುರದ ಮಿಷನ್ನು ನಡುಗುತ್ತದೆ, ನಡುಗುವ ಮಿಷನ್ನಿನಲ್ಲಿ ಹೊಲಿಗೆ ಹಾವಿನಂತೆ ಹರಿಯುತ್ತದೆ. ಹಾಗಾಗಿ ಗಾಲಿಯಿಂದ ಗಾಲಿಗೆ ಅತಿ ಉದ್ದವಿರುವ, ಕೈಯಲ್ಲಿ ತೂಕವಾಗಿ ನಿಲ್ಲುವ ಬಿಲ್ಲು ಕೇಳಿದಳು. ಗಿಡ್ಡ ಬಿಲ್ಲು ಕೈ ಒಂಚೂರು ಅಲುಗಿದರೂ ತಾನೂ ಕುಣಿಯುತ್ತದೆ. ಉದ್ದದ್ದು ಹಿರಿಯ ಸೊಸೆಯ ಹಾಗೆ, ಸಣ್ಣಪುಟ್ಟದ್ದನ್ನು ಸಹಿಸಿಕೊಳ್ಳುತ್ತದೆ. ಆಮೇಲೆ ಎಳೆತದ ಭಾರ. ಗಂಡಸರು ಅರವತ್ತು ಪೌಂಡು ಎಳೀತಾರೆ, ನೀವು ಐವತ್ತೈದಾದರೂ ತಗೊಳ್ಳಿ, ಅಭ್ಯಾಸ ಆಗುತ್ತೆ ಎಂದ ಅಂಗಡಿಯವನು. ಅವಳು ಒಂದು ಎತ್ತರದ ಸ್ಟೂಲು ಕೇಳಿ, ಪಾದ ನೆಲಕ್ಕೆ ತಾಗದ ಹಾಗೆ ಕೂತು, ಬಿಲ್ಲನ್ನು ಆಕಾಶಕ್ಕೆ ಎತ್ತದೆ ಎದೆ ಮಟ್ಟದಲ್ಲೇ ಎಳೆದು ನೋಡಿದಳು. ಐವತ್ತೈದಕ್ಕೆ ಸೊಂಟ ತಿರುಚಿತು. ಐವತ್ತಕ್ಕೆ ಹಲ್ಲು ಕಚ್ಚಬೇಕಾಯಿತು. ನಲವತ್ತೆರಡಕ್ಕೆ ಗಂಡನ ಜೊತೆ ಮಾತಾಡುತ್ತಲೇ ಎಳೆದಳು. ಕೊನೆಯಲ್ಲಿ ಗಾಲಿ ತಿರುಗಿ ಕೈಯಲ್ಲಿ ಉಳಿದದ್ದು ಹನ್ನೆರಡು ಪೌಂಡಿನ ಭಾರ. ಹೊಲಿಗೆ ಮಿಷನ್ನಿನ ಪಾದ ಎತ್ತುವ ಹಿಡಿ ಅರ್ಧ ದಾರಿ ಬಿಗಿಯಾಗಿದ್ದು ಆಮೇಲೆ ಟಕ್ಕನೆ ತಾನೇ ಕೂರುತ್ತದಲ್ಲ, ಅದೇ ಸುಖ. ಅವಳು ಕಣ್ಣು ಮುಚ್ಚಿಕೊಂಡಳು. ಇದೇ ಎಂದಳು.

ಉಳಿದದ್ದು ಎಳೆತದ ಉದ್ದ, ಅಂದರೆ ದಾರ ಎಷ್ಟು ಇಂಚು ಹಿಂದಕ್ಕೆ ಬಂದು ನಿಲ್ಲಬೇಕು ಅನ್ನುವುದು. ಗಾಲಿಗೆ ಕೂರಿಸುವ ತಗಡು ಅಳತೆಗೆ ತಕ್ಕಂತೆ ಬೇರೆ ಬೇರೆ. ಹೇಳಿದ ಅಳತೆಯದೇ ಬರುತ್ತದೆ. ಎರಡೂ ಕೈ ಚಾಚಿ, ಬೆರಳ ತುದಿಯಿಂದ ಬೆರಳ ತುದಿಗೆ ಅಳೆದು, ಎರಡೂವರೆಯಿಂದ ಭಾಗಿಸಬೇಕು. ಅಂಗಡಿಯವನು ಅಲ್ಲೇ ಅಳೆದುಬಿಡಬಹುದಿತ್ತು. ಊಟದ ಹೊತ್ತಾಗಿತ್ತು. "ನೀವೇ ಟೈಲರಲ್ವಾ ಅಕ್ಕಾ, ನಿಮಗೆ ನಾನು ಅಳತೆ ಹೇಳೋದಾ? ಮನೇಲಿ ನೋಡಿ ಫೋನ್ ಮಾಡಿ" ಎಂದು ಕಳಿಸಿದ. ಹೊಗಳಿ ಕೆಲಸ ತಪ್ಪಿಸಿಕೊಳ್ಳುವುದೂ ಒಂದು ವಿದ್ಯೆ.

ತನ್ನ ಅಳತೆ ತಾನು ತೆಗೆಯಬಾರದು. ಅಂದು ಸಂಜೆಯೇ ಅವಳು ಕನ್ನಡಿಯ ಮುಂದೆ ಕೈ ಚಾಚಿ ನಿಂತಳು. ಮಾಸ್ಟರ್ ಟೇಪು ಹಿಡಿದರು. ಆಗ ಅವರಿಗೆ ಕಣ್ಣು ಮಂಜಾಗತೊಡಗಿತ್ತು. ಕತ್ತರಿಸುವ ಕೆಲಸ ಸೊಸೆಗೆ ಬಿಟ್ಟು ಮುಂದೆ ಕೂತು ಗುಂಡಿ ವಿಂಗಡಿಸುತ್ತಿದ್ದರು. ಆದರೆ ಟೇಪಿನ ಮೇಲೆ ಅವರ ಹೆಬ್ಬೆರಳು ಓಡುವುದನ್ನು ನೋಡಿದರೆ ಕಣ್ಣೇ ಬೇಡ ಅನ್ನಿಸುತ್ತಿತ್ತು. ಬಹಳ ದಿನದ ಮೇಲೆ ಯಾರೋ ಅಳತೆ ಕೇಳಿದ್ದಾರೆ. ಮುಖದಲ್ಲಿ ಹಳೆಯ ಗತ್ತು ಬಂದಿತ್ತು. ಬಾಯಲ್ಲೇ ಏನೋ ಲೆಕ್ಕ ಹಾಕಿಕೊಂಡು, ಕಿವಿಯ ಸೀಸದಕಡ್ಡಿ ತೆಗೆದು ರಟ್ಟಿನ ಮೇಲೆ ದೊಡ್ಡದಾಗಿ ಬರೆದರು: 65.

ಎರಡೂವರೆಯಿಂದ ಭಾಗಿಸಿದರೆ ಇಪ್ಪತ್ತಾರು. ಅವಳು ಫೋನ್ ಮಾಡಿ ಇಪ್ಪತ್ತಾರು ಎಂದಳು.

ಐದು ವಾರದ ಮೇಲೆ ಬಿಲ್ಲು ಬಂತು. ಕಪ್ಪು ಬಣ್ಣ, ಅಂಚಿಗೆ ಕೆಂಪು ಗೆರೆ. ಗಂಡ ಅದನ್ನು ಮಗು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹೊತ್ತು ತಂದು ಕತ್ತರಿಸುವ ಮೇಜಿನ ಮೇಲೆ ಮಲಗಿಸಿದ. ಮಾಸ್ಟರ್ ಗಾಲಿಯಿಂದ ಗಾಲಿಗೆ ಬೆರಳಾಡಿಸಿ ನೋಡಿ, ಕೆಲಸ ಶುದ್ಧವಾಗಿದೆ ಎಂದು ಸರ್ಟಿಫಿಕೇಟು ಕೊಟ್ಟರು. ಆ ವಾರ ಅಂಗಡಿಗೆ ಬಂದ ತಾಯಂದಿರಿಗೆಲ್ಲ ಸಮವಸ್ತ್ರದ ಜೊತೆ ಬಿಲ್ಲಿನ ದರ್ಶನವೂ ಆಯಿತು.

ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಾಣಗಳು ಎಡಕ್ಕೊಂದು ಬಲಕ್ಕೊಂದು ಸಿಡಿದವು. ದಾರ ಬಂದು ಎಡ ಮುಂಗೈಯ ಒಳಮೈಗೆ ರಪ್ಪನೆ ಬಡಿಯುತ್ತಿತ್ತು. ವಾರದೊಳಗೆ ಅಲ್ಲಿ ಬದನೆಕಾಯಿಯ ಬಣ್ಣ. ತನ್ನ ತೋಳೇ ಸೊಟ್ಟಗಿದೆಯೇನೋ ಎಂದು ಅವಳು ದಪ್ಪ ಚರ್ಮದ ಇನ್ನೊಂದು ಪಟ್ಟಿ ಹೊಲಿದುಕೊಂಡಳು. ದಾರ ಅದಕ್ಕೆ ಇನ್ನಷ್ಟು ತಗುಲಿತು. ಕ್ಲಬ್ಬಿನ ಹಳೆಯ ಬಿಲ್ಲಿನಲ್ಲಿ ಬರುತ್ತಿದ್ದಷ್ಟು ಅಂಕವೂ ಹೊಸದರಲ್ಲಿ ಬರಲಿಲ್ಲ. ಕಾರ್ಯದರ್ಶಿ ಸೀಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಎಲ್ಲರಿಗೂ ಕೇಳುವ ಹಾಗೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಈಗ ನೆಲವೂ ಹೊಸದು ಹಾಕಿಸಿಕೊಂಡಿದ್ದಾಳೆ ಎಂದ. ಜನ ನಕ್ಕರು. ಅವಳು ಬಾಣ ಎಣಿಸಿ ಚೀಲಕ್ಕೆ ಹಾಕಿಕೊಂಡು ಗೋಡೆ ದಾಟಿ ಬಂದಳು. ಆಯ್ಕೆಗೆ ಹನ್ನೊಂದು ದಿನ ಉಳಿದಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಬೇಕಾಗುತ್ತದೆ, ಒಮ್ಮೊಮ್ಮೆ. ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿಕೊಂಡು, ಬಾಣವಿಲ್ಲದೆ, ಬೆರಳನ್ನು ದಾರ ಎಳೆಯುವ ಕೈಹಿಡಿಯ ಬಿಡುಗಡೆ ಗುಂಡಿಯಿಂದ ದೂರವಿಟ್ಟುಕೊಂಡು, ಮೂರು ಮಡಿಕೆಯ ಕನ್ನಡಿಯ ಮುಂದೆ ಬಿಲ್ಲು ಎಳೆದು ನಿಂತಳು. ಎಡ ಕನ್ನಡಿಯಲ್ಲಿ ತನ್ನ ಪಕ್ಕದ ನೋಟ ಕಂಡಿತು. ಬೆನ್ನು ಹಿಂದಕ್ಕೆ ವಾಲಿದೆ. ಎಡಗೈ ಮೊಣಕೈಯಲ್ಲಿ ಸೆಟೆದಿದೆ. ಬಲಗೈ ದವಡೆ ದಾಟಿ ಕಿವಿಯ ಹಿಂದೆ ಎಲ್ಲೋ ಜಾಗ ಹುಡುಕುತ್ತಿದೆ.

ಆ ನಿಲುವನ್ನು ಅವಳು ಆ ಕನ್ನಡಿಯಲ್ಲಿ ಸಾವಿರ ಸಲ ನೋಡಿದ್ದಳು. ಶಾಲೆ ಶುರುವಾಗುವ ವಾರ, ಹೊಸ ಅಂಗಿ ತೊಟ್ಟು, ತೋಳು ಬೆರಳ ತುದಿಯವರೆಗೆ ಇಳಿದು, ಕೈ ಎಲ್ಲಿಡಬೇಕೋ ತಿಳಿಯದೆ ಪಿಳಿಪಿಳಿ ನೋಡುವ ಮಗುವಿನ ನಿಲುವು. ಇದು ಈ ವರ್ಷದ ಅಳತೆಯಲ್ಲ. ಮುಂದಿನ ವರ್ಷದ್ದು.

ದಾರವನ್ನು ಮೆಲ್ಲಗೆ ಇಳಿಸಿ, ಬಿಲ್ಲು ಗೋಡೆಗೆ ಒರಗಿಸಿ, ರಟ್ಟು ತೆಗೆದು ನೋಡಿದಳು. ಅರವತ್ತೈದು. ಎರಡೂವರೆ ಕಳೆದರೆ ಅರವತ್ತೆರಡೂವರೆ. ಅದನ್ನು ಭಾಗಿಸಿದರೆ ಇಪ್ಪತ್ತೈದು. ಒಂದು ಇಂಚು, ಕರಾರುವಾಕ್ಕಾಗಿ.

ಒಂದು ತಿಂಗಳಿಂದ ಅವಳು ಬೈದವರು ಎಷ್ಟು ಜನ! ಊಟಕ್ಕೆ ಅವಸರಪಟ್ಟ ಅಂಗಡಿಯವನು, ಪೊಲೀಸನ ಬಿಲ್ಲು ಗಂಟುಹಾಕಿದ ಕ್ಲಬ್ಬು, ಸೀಟಿಯ ಕಾರ್ಯದರ್ಶಿ, ಕೊನೆಗೆ ತನ್ನದೇ ತೋಳು. ಅವರೆಲ್ಲ ಬೈಸಿಕೊಳ್ಳಲು ಯೋಗ್ಯರೇ. ಆದರೆ ಈ ಒಂದು ಇಂಚು ಮನೆಯದು. ಹೊರಗೆ ಗುಂಡಿ ವಿಂಗಡಿಸುತ್ತ ಕೂತಿದ್ದ ಮಾವನ ಎದುರು ಅವಳು ಮಣೆ ಎಳೆದುಕೊಂಡು ಕೂತಳು. ಸಿಟ್ಟು ಬಂದಿರಲಿಲ್ಲ ಅಂತಲ್ಲ. ಎಷ್ಟು ಇಂಚು ಅಂತ ಮಾತ್ರ ತಿಳಿಯಲಿಲ್ಲ.

"ಮಾವ, ಬಿಲ್ಲಿಗೆ ಅಳತೆ ತೆಗೆದಾಗ ಮಡಿಕೆ ಸೇರಿಸಿದ್ರಾ?"

ಅವರ ಬೆರಳು ಗುಂಡಿಗಳ ಮೇಲೆ ನಿಂತಿತು. "ಸೇರಿಸದೆ ಇರ್ತೀನಾ? ಯಾರಿಗೆ ತೆಗೆದ್ರೂ ಸೇರಿಸ್ತೀನಿ. ಬೆಳೀತಾರಲ್ವಾ."

"ನಂಗೆ ನಲವತ್ತೊಂದು ಮಾವ."

"ಅದಕ್ಕೇನೀಗ?" ಎಂದರು ಮಾಸ್ಟರ್, ನಿಜವಾಗಿಯೂ ಅರ್ಥವಾಗದವರ ಹಾಗೆ. ಆಮೇಲೆ ಅರ್ಥವಾಯಿತು. ಕೈಯಲ್ಲಿದ್ದ ಗುಂಡಿಯನ್ನು ಬೇರೆ ಡಬ್ಬಿಗೆ ಹಾಕಿದರು, ತಪ್ಪು ಡಬ್ಬಿಗೆ. ಕೊನೆಗೆ ಎದ್ದು ಟೇಪು ತಗೊಂಡು, ನಿಲ್ಲು ಎಂದರು. ಮತ್ತೆ ಅಳೆದರು. ಈ ಸಲ ಬರೆಯುವ ಮುಂಚೆ ಮೂರು ಸಲ ಹೆಬ್ಬೆರಳು ಓಡಿಸಿದರು. ಅರವತ್ತೆರಡೂವರೆ. ಜೀವಮಾನದಲ್ಲಿ ಮಡಿಕೆಯಿಲ್ಲದೆ ಬರೆದ ಮೊದಲ ಅಳತೆಯಂತೆ ಅದು. ಬರೆದು ಮುಗಿಸಿ, ಬೆತ್ತಲೆ ಬರೆದ ಹಾಗಾಯಿತು ಎಂದರು.

ಹೊಸ ತಗಡು ಬರಲು ಮೂರು ವಾರ ಎಂದಿತು ಅಂಗಡಿ. ಆಯ್ಕೆಗೆ ಇದ್ದದ್ದು ಹತ್ತು ದಿನ. ಅವಳು ಎಳೆಯುವ ಕೈಹಿಡಿ ಸಿಕ್ಕಿಸಲು ಬಿಲ್ಲಿನ ದಾರಕ್ಕೆ ಕಟ್ಟುವ ಸಣ್ಣ ಕುಣಿಕೆಯನ್ನು ಬಿಚ್ಚಿ, ಇನ್ನೂ ಗಿಡ್ಡದಾಗಿ ಹೆಣೆದು, ತುದಿ ಸುಟ್ಟು ಬಿಗಿದಳು. ಗಂಟು ಹಾಕುವುದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಅದರಿಂದ ಕಾಲು ಇಂಚು ವಾಪಸ್ಸು ಬಂತು. ಉಳಿದ ಮುಕ್ಕಾಲು ಇಂಚನ್ನು ಹೊಟ್ಟೆಯಲ್ಲಿ ಹಾಕಿಕೊಂಡು ಅಭ್ಯಾಸ ಮಾಡಿದಳು. ವಿಷಯ ಹೊರಗೆ ಬಿಡಬಾರದು ಎಂದು ಗಂಡನ ಬಾಯಿಗೂ ಬೀಗ ಹಾಕಿದಳು. ಊರಿನ ಅರ್ಧ ಜನ ಮಾಸ್ಟರ್ ಅಳತೆ ತೆಗೆದ ಬಟ್ಟೆಯಲ್ಲಿ ಶಾಲೆ ಮುಗಿಸಿದವರು. ಕಣ್ಣು ಮಂಜಾದ ಮೇಲೆ ಅವರಿಗೆ ಉಳಿದದ್ದು ಆ ಒಂದು ಹೆಸರು. ತನ್ನ ತೋಳು ಸೊಟ್ಟಗಿದೆ ಅಂದುಕೊಳ್ಳಲಿ ಊರು. ತೋಳಿಗೆ ಮಾನ ಮರ್ಯಾದೆ ಇಲ್ಲ.

ಆಯ್ಕೆಯ ದಿನ ಮಾಸ್ಟರ್ ತಾವೂ ಬರುತ್ತೇನೆಂದರು. ಗಂಡ ಕೈಹಿಡಿದು ತಂದು ಬೆಂಚಿನ ಮೇಲೆ ಕೂರಿಸಿದ. ಐವತ್ತು ಮೀಟರ್, ಎಪ್ಪತ್ತೆರಡು ಬಾಣ. ಮೊದಲರ್ಧ ಹುಡುಗಿಯೂ ಇಂಚಕ್ಕನೂ ಸಮಸಮ. ಆಮೇಲೆ ದಣಿವು ಶುರುವಾದಾಗ ಆ ಮುಕ್ಕಾಲು ಇಂಚು ತನ್ನ ಬುದ್ಧಿ ತೋರಿಸಿತು. ಬೆನ್ನು ವಾಲಿತು, ದಾರ ಹಳೆಯ ಗಾಯವನ್ನೇ ಹುಡುಕಿಕೊಂಡು ಬಂದು ಬಡಿಯಿತು. ಎಪ್ಪತ್ತೆರಡನೆಯ ಬಾಣ ಹಳದಿ ಬಿಟ್ಟು ಕೆಂಪಿಗೆ ನಾಟಿತು. ಹುಡುಗಿಗೆ ಆರುನೂರ ನಲವತ್ತನಾಲ್ಕು, ಇಂಚಕ್ಕನಿಗೆ ಆರುನೂರ ನಲವತ್ತೊಂದು.

ಕಾರ್ಯದರ್ಶಿ ಹೆಸರು ಓದಿ, ಓದಿದ ಮೇಲೆ ಸುಮ್ಮನಿರಬಾರದೇ? ಬಿಲ್ಲು ತಂದರೆ ಆಗಲಿಲ್ಲ ಇಂಚಕ್ಕ, ತೋಳೂ ಜೊತೆಗೆ ತರಬೇಕಿತ್ತು ಎಂದ. ಅವಳು ಪಟ್ಟಿ ಬಿಚ್ಚುತ್ತ ತಲೆ ಬಗ್ಗಿಸಿದ್ದಳು.

ಬೆಂಚಿನಿಂದ ಮಾಸ್ಟರ್ ಎದ್ದು ನಿಂತರು. ಮುಖ ಯಾವ ಕಡೆ ತಿರುಗಿಸಬೇಕೆಂದು ಗೊತ್ತಾಗದೆ ಗುರಿಹಲಗೆಗಳ ಕಡೆ ನೋಡುತ್ತಲೇ ಹೇಳಿದರು.

"ತಪ್ಪು ಅವಳ ತೋಳಿಂದಲ್ಲ ಕಣಪ್ಪ. ಅಳತೆ ತೆಗೆದವನು ನಾನು. ಎರಡೂವರೆ ಇಂಚು ಹೆಚ್ಚಿಗೆ ಬರೆದೆ."

ಕಾರ್ಯದರ್ಶಿಯ ಮೊದಲ ಚಡ್ಡಿಯ ಅಳತೆ ತೆಗೆದವರೂ ಅವರೇ. ಅವನು ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡ. ವರ್ಷಗಟ್ಟಲೆ ಐದಡಿಯ ಹೆಂಗಸರ ಕೈಗೆ ಆರಡಿಯ ಬಿಲ್ಲು ಕೊಟ್ಟ ಆ ಜಾಗದಲ್ಲಿ, ಅಳತೆ ತಪ್ಪಿದ್ದು ನನ್ನಿಂದ ಎಂದು ಹೇಳಿದ ಮೊದಲ ಗಂಡಸು ಆ ಮುದುಕರು. ಎರಡನೆಯವನು ಇವತ್ತಿನವರೆಗೂ ಎದ್ದು ನಿಂತಿಲ್ಲ.

ಮನೆಗೆ ನಡೆಯುವಾಗ ಅವಳು, ಕೊನೆಯ ಬಾಣಕ್ಕೆ ಗಾಳಿ ಅಡ್ಡ ಬಂತು ಮಾವ ಎಂದಳು. ಗಾಳಿ ಇರಲಿಲ್ಲ ಎಂದರು ಅವರು.

ಹೊಸ ತಗಡು ಬಂದ ಮೇಲೆ ಬಾಣಗಳು ಒಂದರ ಪಕ್ಕ ಒಂದು ಕೂರತೊಡಗಿದವು. ಮುಂದಿನ ವರ್ಷ ಮೂರನೆಯ ಜಾಗ ಅವಳದೇ ಆಯಿತು, ಆರುನೂರ ಎಪ್ಪತ್ತಾರಕ್ಕೆ. ಆಗ ಮಾಸ್ಟರಿಗೆ ಬೆಳಕು ಕತ್ತಲೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅದೇ ಬೆಂಚಿನ ಮೇಲೆ ಕೂತು ಕಿವಿಗೊಡುತ್ತಿದ್ದರು. ಹಲಗೆಗೆ ಬಾಣ ನಾಟಿದರೆ ಧಪ್ಪೆನ್ನುತ್ತದೆ. ಮೊದಲೇ ನಾಟಿದ್ದಕ್ಕೆ ತಾಗಿಕೊಂಡು ನಾಟಿದರೆ ಜೊತೆಗೆ ಟಿಕ್ಕೆಂದು ಒಂದು ಸಣ್ಣ ಸದ್ದು. ಅವರು ಟಿಕ್ಕುಗಳನ್ನು ಬೆರಳು ಮಡಿಸಿ ಎಣಿಸಿಕೊಂಡು, ರಾತ್ರಿ ಊಟಕ್ಕೆ ಕೂತಾಗ ಇವತ್ತು ಒಂಬತ್ತು ಎನ್ನುತ್ತಿದ್ದರು. ಹಳೆಯ ತಗಡು ಎಸೆಯಲು ಕೊಟ್ಟಾಗ, ಇರಲಿ, ಬೇಕಾಗಬಹುದು ಎಂದು ಗುಂಡಿಯ ಡಬ್ಬಿಗೆ ಹಾಕಿದವರೂ ಅವರೇ. ಸೊಸೆ ಇನ್ನೂ ಬೆಳೆದಾಳೆಂಬ ಆಸೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಅವರು ಹೋಗಿ ಹದಿನೈದು ವರ್ಷವಾಯಿತು. ಮೈದಾನ ಹೋಯಿತು, ಬೆಂಚು ಹೋಯಿತು. ಈಗ ಬಿಲ್ಲು ಹಿಡಿಯಬೇಕಾದರೆ ಊರಾಚೆಯ ಹಳೆಯ ಇಟ್ಟಿಗೆ ಭಟ್ಟಿಯ ಬಯಲಿಗೆ ಹೋಗಬೇಕು. ಹೋಗುತ್ತಾಳೆ, ವಾರಕ್ಕೆರಡು ಸಲ. ಮೊನ್ನೆ ಮೊನ್ನೆ ಬೆನ್ನು ಮತ್ತೆ ವಾಲತೊಡಗಿತು. ಕನ್ನಡಿಯ ಮುಂದೆ ನಿಂತು ನೋಡಿದಳು, ಗೊತ್ತಾಯಿತು. ಬಿಲ್ಲು ಬೆಳೆದಿಲ್ಲ, ಅವಳು ಕುಗ್ಗಿದ್ದಾಳೆ.

ತನ್ನ ಅಳತೆ ತಾನು ತೆಗೆಯಬಾರದು. ನಿವೃತ್ತಿಯಾಗಿ ಮನೆಯಲ್ಲಿರುವ ಗಂಡನ ಕೈಗೆ ಟೇಪು ಕೊಟ್ಟಳು. ಅವನು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಬಸ್ಸನ್ನು ಇಕ್ಕಟ್ಟಿನ ಗಲ್ಲಿಯಲ್ಲಿ ಹಿಂದಕ್ಕೆ ತೆಗೆಯುವವನ ಹಾಗೆ ನಾಲಗೆ ಕಚ್ಚಿಕೊಂಡು ಅಳೆದ. ಅರವತ್ತೊಂದೂಕಾಲು. ಭಾಗಿಸಿದರೆ ಇಪ್ಪತ್ನಾಲ್ಕೂವರೆ. ಸೀಸದಕಡ್ಡಿ ಹಿಡಿದವನು ಬರೆಯದೆ ಅವಳ ಮುಖ ನೋಡಿದ.

"ಏನಾದ್ರೂ ಸೇರಿಸಲೇನೇ?"

ಅವಳು ಚಾಚಿದ ಕೈ ಇಳಿಸದೆ ಕನ್ನಡಿಯಲ್ಲಿ ಹದಿನೇಳನೆಯ ಡಬ್ಬಿಯನ್ನು ನೋಡಿದಳು.

"ಬೇಡ ಕಣ್ರಿ. ಮಾವ ಬಿಟ್ಟ ಮಡಿಕೇನೇ ಇನ್ನೂ ಮುಗಿದಿಲ್ಲ."